ಅಂಗಡಿ ಮುಚ್ಚಿದರೆ ಪ್ರಕಾಶಕರು ಬೇಡವೇ?

ಪ್ರಶ್ನೆ: ಆರು ವರ್ಷ ಕೂತು ಬರೆದ ನನ್ನ ಮೊದಲ ಕಾದಂಬರಿ ಮುಗಿದಿದೆ. ಒಬ್ಬ ಪ್ರಕಾಶಕರು ಒಪ್ಪಿ ಕರಾರಿನ ಪ್ರತಿ ಕಳಿಸಿದ್ದಾರೆ. ಆದರೆ ಗೆಳೆಯರು, ‘ಪುಸ್ತಕದಂಗಡಿಗಳೇ ಮುಚ್ಚುತ್ತಿರುವಾಗ ಪ್ರಕಾಶಕರಿಂದ ಏನು ಪ್ರಯೋಜನ? ನೀನೇ ಪ್ರಕಟಿಸು, ಶೇ 70 ನಿನ್ನ ಕೈಗೇ ಬರುತ್ತದೆ’ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಗೆಳೆಯರು ಹೇಳುವ ಶೇ 70 ಸುಳ್ಳಲ್ಲ, ಆದರೆ ಅರ್ಧ ಮಾತು. ಅಮೆಜಾನ್ ಕಿಂಡಲ್ ಇ-ಪುಸ್ತಕಕ್ಕೆ ಕೊಡುವ ಪಾಲು ಅದು. ಅದೂ ಬೆಲೆ ಕಂಪನಿ ಗೊತ್ತುಮಾಡಿದ ಮಿತಿಯೊಳಗಿದ್ದರೆ ಮಾತ್ರ, ಇಲ್ಲವಾದರೆ ಶೇ 35. ಕಾಗದದ ಪುಸ್ತಕದ ಲೆಕ್ಕ ಬೇರೆ. ಅಲ್ಲಿ ಪ್ರತಿಯೊಂದು ಪ್ರತಿಯ ಅಚ್ಚಿನ ವೆಚ್ಚವೂ ನಿಮ್ಮ ಪಾಲಿನಿಂದಲೇ ಕಳೆದುಹೋಗುತ್ತದೆ. ಹಸ್ತಪ್ರತಿಯ ಸಂಪಾದನೆ, ಕರಡು ತಿದ್ದುವಿಕೆ, ಪುಟವಿನ್ಯಾಸ, ಮುಖಪುಟ ಇವಕ್ಕೆಲ್ಲ ಮೊದಲೇ ಕೈಯಿಂದ ಹಣ ಹಾಕಬೇಕು. ಪ್ರಕಾಶಕರು ಕೊಡುವ ರಾಯಧನ ಸಣ್ಣದಾಗಿ ಕಾಣುವುದಕ್ಕೆ ಈ ಖರ್ಚನ್ನು ಅವರು ಹೊತ್ತಿರುವುದೂ ಒಂದು ಕಾರಣ. ಹಾಗೆಂದು ಅವರ ಪರ ವಾದಿಸುತ್ತಿಲ್ಲ. ಇಂಗ್ಲಿಷ್ ಪ್ರಕಾಶನದಲ್ಲಿ ಇ-ಪುಸ್ತಕದ ನಿವ್ವಳ ಆದಾಯದಲ್ಲಿ ಲೇಖಕರಿಗೆ ಶೇ 25 ಎಂಬುದು ರೂಢಿಯಾಗಿದೆ. ಕಾಗದವಿಲ್ಲ, ಗೋದಾಮಿಲ್ಲ, ಮಾರಾಟವಾಗದೆ ವಾಪಸಾಗುವ ಪ್ರತಿಯಿಲ್ಲ, ಆದರೂ ಇಷ್ಟೇ ಎಂಬುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇನ್ನು ಅಂಗಡಿಯ ಮಾತು. 2011ರಲ್ಲಿ ಅಮೆರಿಕದ ದೊಡ್ಡ ಪುಸ್ತಕ ಮಳಿಗೆಗಳ ಸರಣಿ ಬಾರ್ಡರ್ಸ್ ದಿವಾಳಿಯಾಗಿ ಕೊನೆಗೆ ಉಳಿದಿದ್ದ ಸುಮಾರು 400 ಮಳಿಗೆಗಳೂ ಮುಚ್ಚಿದವು. ಅವುಗಳ ಜೊತೆ ಹೋದದ್ದು ಮಾರುವ ಜಾಗವಷ್ಟೇ ಅಲ್ಲ. ಬೇರೇನೋ ಕೊಳ್ಳಲು ಬಂದವರು ಮುಂದಿನ ಮೇಜಿನ ಮೇಲಿದ್ದ, ಹೆಸರೇ ಕೇಳಿರದ ಪುಸ್ತಕವನ್ನು ಎತ್ತಿ ಎರಡು ಪುಟ ಓದಿ ಮನೆಗೊಯ್ಯುತ್ತಿದ್ದರಲ್ಲ, ಆ ಆಕಸ್ಮಿಕವೂ ಹೋಯಿತು. ಆನ್‌ಲೈನ್‌ನಲ್ಲಿ ಓದುಗರು ಹೆಚ್ಚಾಗಿ ತಮಗೆ ಗೊತ್ತಿರುವುದನ್ನೇ ಹುಡುಕುತ್ತಾರೆ. ಹೊಸ ಲೇಖಕರಿಗೆ ದೊಡ್ಡ ನಷ್ಟ ಇದು. ನೀವೇ ಪ್ರಕಟಿಸಿದರೂ ಇದು ತಪ್ಪುವುದಿಲ್ಲ, ಇನ್ನೂ ಹೆಚ್ಚೇ ಕಾಡುತ್ತದೆ.

ಹಾಗಾಗಿ ‘ಪ್ರಕಾಶಕರಿಂದ ಏನು ಪ್ರಯೋಜನ’ ಎಂಬುದನ್ನು ನಿಮ್ಮ ಪ್ರಕಾಶಕರನ್ನೇ ಕೇಳಿ, ಇನ್ನೂ ಬಿಡಿಸಿ ಕೇಳಿ. ನನ್ನ ಹಸ್ತಪ್ರತಿಯನ್ನು ಯಾರು ಸಂಪಾದಿಸುತ್ತಾರೆ? ಎಷ್ಟು ಸಲ ಓದುತ್ತಾರೆ? ನಾನು ವರ್ಷಗಳ ಕಾಲ ಹಸ್ತಪ್ರತಿಗಳ ನಡುವೆ ಕೆಲಸ ಮಾಡಿದ್ದೇನೆ. ಮೊದಲ ಮೂರು ಅಧ್ಯಾಯ ತೆಗೆದರೆ ಕಾದಂಬರಿಗೆ ಉಸಿರು ಬರುತ್ತದೆ ಎಂದು ಹೇಳುವ ಧೈರ್ಯ ಬರೆದವರಿಗೂ ಇರುವುದಿಲ್ಲ, ಅವರ ಗೆಳೆಯರಿಗೂ ಇರುವುದಿಲ್ಲ. ಅಂಥ ಸಂಪಾದಕರು ಅಲ್ಲಿದ್ದರೆ ಆ ಪ್ರಕಾಶಕರನ್ನು ಬಿಡಬೇಡಿ. ಕಳಿಸಿದ್ದನ್ನು ಹಾಗೇ ಅಚ್ಚಿಗೆ ಹಾಕುವವರಾದರೆ ಆ ಕೆಲಸ ನಿಮ್ಮಿಂದಲೂ ಆಗುತ್ತದೆ.

ಕರಾರಿನಲ್ಲಿ ನಾನು ಮೊದಲು ಹುಡುಕುವುದು ಹಕ್ಕು ಮರಳುವ ಷರತ್ತನ್ನು. ಪ್ರತಿಗಳು ಮುಗಿದು ಮರುಮುದ್ರಣ ಆಗದಿದ್ದರೆ ಹಕ್ಕು ಲೇಖಕರಿಗೆ ಮರಳುತ್ತದೆ ಎಂದು ಹಳೆಯ ಕರಾರುಗಳಲ್ಲಿ ಇರುತ್ತಿತ್ತು. ಬೇಡಿಕೆ ಬಂದಾಗ ಒಂದೇ ಪ್ರತಿಯನ್ನೂ ಅಚ್ಚು ಹಾಕುವ ತಂತ್ರ ಬಂದ ಮೇಲೆ (ಅಮೆರಿಕದ ಪುಸ್ತಕ ವಿತರಕ ಸಂಸ್ಥೆ ಇನ್‌ಗ್ರಾಮ್ 1997ರಲ್ಲೇ ಇದಕ್ಕೆಂದು ಪ್ರತ್ಯೇಕ ಕಂಪನಿ ಆರಂಭಿಸಿತು) ಆ ಮಾತಿಗೆ ಅರ್ಥ ಉಳಿದಿಲ್ಲ. ಪುಸ್ತಕ ಎಂದೂ ‘ಮುಗಿಯುವುದೇ’ ಇಲ್ಲ. ವರ್ಷಕ್ಕೆ ಎರಡು ಪ್ರತಿ ಹೋದರೂ ಅದು ಮಾರಾಟದಲ್ಲಿದೆ ಎನ್ನಬಹುದು. ಸ್ವಯಂ ಪ್ರಕಾಶನವನ್ನು ಸಾಧ್ಯವಾಗಿಸಿದ ತಂತ್ರವೇ ಇಲ್ಲಿ ಲೇಖಕರ ಕೈ ಕಟ್ಟಿಹಾಕುತ್ತದೆ. ಆದ್ದರಿಂದ, ವರ್ಷಕ್ಕೆ ಇಂತಿಷ್ಟು ಪ್ರತಿಗಿಂತ ಕಡಿಮೆ ಮಾರಾಟವಾದರೆ ಹಕ್ಕು ನನಗೆ ಮರಳಬೇಕು ಎಂದು ಸಂಖ್ಯೆ ಹಾಕಿಸಿ ಬರೆಸಿಕೊಳ್ಳಿ. ಆಡಿಯೋ, ಅನುವಾದ, ಸಿನಿಮಾ ಹಕ್ಕುಗಳನ್ನು ಬಳಸುವ ಯೋಜನೆ ಅವರಿಗಿಲ್ಲದಿದ್ದರೆ ಅವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಮತ್ತೆ, ಕರಾರಿನಲ್ಲಿ ಎಲ್ಲಾದರೂ ನೀವು ಹಣ ಕೊಡಬೇಕು ಎಂದಿದ್ದರೆ, ಅಥವಾ ಇಷ್ಟು ಪ್ರತಿಗಳನ್ನು ನೀವೇ ಕೊಳ್ಳಬೇಕು ಎಂದಿದ್ದರೆ, ಸಹಿ ಹಾಕಬೇಡಿ.

ಈ ಷರತ್ತುಗಳಿಗೆ ಅವರು ಒಪ್ಪಿದರೆ, ಮೊದಲ ಕಾದಂಬರಿಗೆ ಪ್ರಕಾಶಕರೇ ಸರಿ ಎನ್ನುತ್ತೇನೆ. ನಿಮ್ಮದು ಒಂದು ಕಸುಬಿನ ಕೈಪಿಡಿಯಾಗಿದ್ದು, ಓದುವವರು ಯಾರೆಂದು ನಿಮಗೆ ಮೊದಲೇ ಗೊತ್ತಿದ್ದಿದ್ದರೆ ಬೇರೆ ಮಾತು ಹೇಳುತ್ತಿದ್ದೆ.

ಪ್ರಶ್ನೆ: ನಾನೇ ಪ್ರಕಟಿಸಿದ ಪುಸ್ತಕವನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆಯೇ?

ಉತ್ತರ: ಅವರು ಕೇಳುವುದು ಎರಡು: ಸುಮಾರು ಶೇ 40ರಷ್ಟು ರಿಯಾಯಿತಿ, ಮತ್ತು ಮಾರಾಟವಾಗದ ಪ್ರತಿಯನ್ನು ಮರಳಿಸುವ ಅವಕಾಶ. ಇವೆರಡಕ್ಕೂ ಸಿದ್ಧರಿದ್ದರೆ ಬಾಗಿಲು ತೆರೆದಿರುತ್ತದೆ, ಮುಖ್ಯವಾಗಿ ಸಣ್ಣ ಸ್ವತಂತ್ರ ಅಂಗಡಿಗಳಲ್ಲಿ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ನಿಮ್ಮ ಹೆಸರಿನಲ್ಲೇ ಪಡೆಯಿರಿ. ಮಾರಾಟ ಜಾಲತಾಣ ಉಚಿತವಾಗಿ ಕೊಡುವ ಸಂಖ್ಯೆಯನ್ನು ಬೇರೆ ಕಡೆಯ ಅಚ್ಚಿಗೆ ಬಳಸಲಾಗುವುದಿಲ್ಲ. ಪುಸ್ತಕದ ಮೇಲೆ ಆ ತಾಣದ ಗುರುತಿದ್ದರೆ, ಅದನ್ನೇ ತಮ್ಮ ಎದುರಾಳಿ ಎಂದುಕೊಂಡಿರುವ ಅಂಗಡಿಯವರು ಮುಟ್ಟದೆ ಇರುವುದೂ ಉಂಟು.