ಸೋಮವಾರದ ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬೇಗ ಮುಗಿಸುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಎಂಟು ಜನ, ವಾರಕ್ಕೊಮ್ಮೆ ಒಂದು ಗಂಟೆ, ಕೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾರೆ, ಹೊಸದಾಗಿ ಸೇರಿದ ಹುಡುಗಿ ಇನ್ನೂ ಒಂದು ಮಾತೂ ಆಡಿಲ್ಲ. ಟೈಮರ್ ಇಡಲೋ, ಎಲ್ಲರನ್ನೂ ನಿಲ್ಲಿಸಿ ಮೀಟಿಂಗ್ ಮಾಡಲೋ ಎಂದು ಕೇಳಿದ್ದೀರಿ. ಹತ್ತು ವರ್ಷ ನನ್ನ ಮೀಟಿಂಗೂ ಹೀಗೇ ನಡೆದಿತ್ತು.

ಶಿರಸಿ ಕಡೆಯ ಒಂದು ಸೊಸೈಟಿಯಲ್ಲಿ ಮ್ಯಾನೇಜರ್ ಆಗಿದ್ದೆ. ಅಡಿಕೆ ಬೆಳೆಗಾರರೇ ನಮ್ಮ ಸದಸ್ಯರು. ಗೊಬ್ಬರ, ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ, ಕಿರಾಣಿ ಎಲ್ಲ ನಮ್ಮಲ್ಲೇ ಒಯ್ಯುತ್ತಿದ್ದರು. 2013ರ ಮೇ ತಿಂಗಳ ಒಂದು ಸೋಮವಾರ ಮೀಟಿಂಗ್ ಶುರು ಮಾಡಿದವನೇ ಹೇಳಿದೆ: "ಹೋದ ವರ್ಷದ ಸುಣ್ಣ 60 ಚೀಲ ಉಳಿದಿದೆ. ಮೊದಲ ಮದ್ದಿಗೆ ಸಾಕು. ಹೊಸ ಲೋಡ್ ಆಮೇಲೆ ನೋಡುವಾ. ಏನಂತೀರಿ?"

"ಅಡ್ಡಿಲ್ಲ ಸರ್" ಅಂದರು ಎಲ್ಲರೂ. ಮೀಟಿಂಗ್ ಇಪ್ಪತ್ತೇ ನಿಮಿಷದಲ್ಲಿ ಮುಗಿಯಿತು. ನೀವು ಈಗ ಬಯಸುತ್ತಿರುವುದಕ್ಕಿಂತಲೂ ಬೇಗ.

ಅಡಿಕೆಯ ಸೀಮೆಯಲ್ಲಿ ಇಲ್ಲದವರಿಗೆ ಸ್ವಲ್ಪ ಹೇಳಬೇಕು. ಕೊಳೆರೋಗ ಬರದಂತೆ ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗಳಿಗೆ ಬೋರ್ಡೋ ಮದ್ದು ಹೊಡೆಯಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಬೆರೆಸಿದ ಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡುತ್ತಾರೆ. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ. ಹಾಗೇ ಹೊಡೆದರೆ ಎಳೆಕಾಯಿ ಸುಟ್ಟುಹೋಗುತ್ತದೆ.

ನಮ್ಮ ಸುಣ್ಣ ಒಯ್ದವರ ಕತ್ತಿಗಳೆಲ್ಲ ಕೆಂಪಾದವು. ಎಷ್ಟು ಸುಣ್ಣ ಹಾಕಿದರೂ ಕೆಂಪು. 1 ಕಿಲೋ ಬೇಕಾದಲ್ಲಿ 2 ಕಿಲೋ ಸುರಿದರು. ಅವರ ಚೀಲ ಖಾಲಿಯಾಯಿತು, ನಮ್ಮ ಗೋದಾಮೂ ಖಾಲಿಯಾಯಿತು. ಹೊಸ ಲೋಡ್ ಬರಲು ನಾಲ್ಕು ದಿನ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಒಬ್ಬರ ತೋಟಕ್ಕಾಗಿ ನಾಲ್ಕು ದಿನ ಕಾಯುವುದಿಲ್ಲ, ಮುಂದಿನ ತೋಟಕ್ಕೆ ಹೋಗುತ್ತಾನೆ. ಅವನು ತಿರುಗಿ ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಆ ವರ್ಷ ಮಲೆನಾಡಿನ ತುಂಬ ಕೊಳೆ ಜೋರಾಗಿತ್ತು, ಮದ್ದು ಹೊಡೆದವರಿಗೂ ಬಿಟ್ಟಿಲ್ಲ. ಆದರೆ ನಮ್ಮ ಸುಣ್ಣ ನಂಬಿ ಮದ್ದೇ ಹೊಡೆಯಲಾಗದವರ ತೋಟ ನೋಡಲು ಆಗುತ್ತಿರಲಿಲ್ಲ. ಹಿರಿಯ ಸದಸ್ಯರೊಬ್ಬರು ಉದುರಿದ ಹಸಿ ಅಡಿಕೆಯನ್ನು ಚೀಲದಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿದರು. ಕಾಯಿಯ ಮೇಲೆಲ್ಲ ಬಿಳಿ ಬೂಸಲು. "ಮ್ಯಾನೇಜರ್ರೇ, ಇದನ್ನ ಎಲ್ಲಿ ಮಾರಲಿ ಹೇಳಿ" ಅಂದರು. ಕೂಗಾಡಲಿಲ್ಲ.

ಅವರು ಹೋದ ಮೇಲೆ ಗೋದಾಮು ನೋಡಿಕೊಳ್ಳುವ ಹುಡುಗನನ್ನು ಕರೆದೆ. "ಸುಣ್ಣಕ್ಕೆ ಎಂತ ಆಗಿತ್ತೋ?"

"ಹೋದ ಮಳೆಗಾಲದಲ್ಲೇ ಮೂಲೆ ಸೋರಿ ಥಂಡಿ ಹಿಡಿದಿತ್ತು ಸರ್. ಚೀಲ ಒತ್ತಿದರೆ ಕಲ್ಲು."

"ಮೀಟಿಂಗಿನಲ್ಲಿ ಯಾಕೆ ಹೇಳಲಿಲ್ಲ?"

"ನೀವು ಆಗಲೇ ಸಾಕು ಅಂದಿದ್ರಲ್ಲ ಸರ್."

ನನ್ನ ತಪ್ಪು ಯಾವುದು ಅಂತ ಸರಿಯಾಗಿ ಹೇಳಬೇಕು, ಯಾಕೆಂದರೆ ಇದನ್ನು ಜನ ತಪ್ಪಾಗಿ ತಿಳಿಯುತ್ತಾರೆ. ಗೋದಾಮಿಗೆ ಹೋಗಿ ನೋಡಲಿಲ್ಲ, ಅದೂ ತಪ್ಪೇ. ಆದರೆ ಎಲ್ಲವನ್ನೂ ಮ್ಯಾನೇಜರೇ ನೋಡಲು ಆಗುವುದಿಲ್ಲ, ಅದಕ್ಕೇ ಅಲ್ವಾ ಮೀಟಿಂಗ್ ಇರುವುದು? ನಾನು ಕೇಳಲಿಲ್ಲ ಅಂತಲೂ ಅಲ್ಲ. ಕೇಳಿದ್ದೆ, "ಏನಂತೀರಿ" ಅಂತ. ಆದರೆ "ಸಾಕು" ಅಂದ ಮೇಲೆ ಕೇಳಿದ್ದೆ. ತೀರ್ಮಾನ ಮೊದಲು, ಪ್ರಶ್ನೆ ಆಮೇಲೆ. ಆಮೇಲೆ ಬಂದ ಪ್ರಶ್ನೆಗೆ ಒಂದೇ ಉತ್ತರ ಇರುವುದು, ಅಡ್ಡಿಲ್ಲ. ಅದನ್ನು ಬಿಟ್ಟು ಬೇರೆ ಹೇಳಬೇಕಾದರೆ ಆ ಹುಡುಗ ಎಂಟು ಜನರ ಎದುರು "ಮ್ಯಾನೇಜರ್ ಹೇಳಿದ್ದು ತಪ್ಪು" ಅನ್ನಬೇಕಿತ್ತು. ನಾನೇ ಮೊದಲು "ಸುಣ್ಣ ಹೇಗಿದೆ?" ಅಂದಿದ್ದರೆ "ಗಟ್ಟಿಯಾಗಿದೆ ಸರ್" ಅಂದರೆ ಸಾಕಿತ್ತು. ಎರಡೇ ವಾಕ್ಯ ಹಿಂದುಮುಂದು. ಅಷ್ಟಕ್ಕೆ ಜನರ ಒಂದು ವರ್ಷದ ಫಸಲು ಹೋಯಿತು.

ಮುಂದಿನ ಸೋಮವಾರದಿಂದ ಸರದಿ ತಿರುಗಿಸಿದೆ. ಮೊದಲು ಗೋದಾಮಿನ ಹುಡುಗ, ಆಮೇಲೆ ಕೌಂಟರ್, ಆಮೇಲೆ ಲೆಕ್ಕದವರು, ಕೊನೆಗೆ ನಾನು. ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದಿದ್ದ ಸದಸ್ಯರೊಬ್ಬರಿಗೆ ಇದನ್ನು ಹೇಳಿದಾಗ, ಕೋರ್ಟ್ ಮಾರ್ಷಲ್‌ನಲ್ಲೂ ಎಲ್ಲರಿಗಿಂತ ಕಿರಿಯ ಸದಸ್ಯನ ಅಭಿಪ್ರಾಯವನ್ನೇ ಮೊದಲು ಕೇಳುವ ನಿಯಮ ಇದೆ ಅಂದರು. ದೊಡ್ಡವರ ಮಾತು ಕೇಳಿದ ಮೇಲೆ ಚಿಕ್ಕವರ ಬಾಯಿ ಕಟ್ಟುತ್ತದೆ ಅಂತ ಸೈನ್ಯಕ್ಕೂ ಗೊತ್ತು.

ಮೊದಲ ಮೂರು ವಾರ ಹುಡುಗ "ಎಂತ ಇಲ್ಲ ಸರ್" ಅಂದ. ಪ್ರಶ್ನೆ ಬದಲಿಸಿದೆ: "ಈ ವಾರ ನೀನು ಮುಟ್ಟಿದ್ದರಲ್ಲಿ ಯಾವುದು ಕೆಟ್ಟಿತ್ತು?" ಅವತ್ತು ಹತ್ತು ನಿಮಿಷ ಮಾತಾಡಿದ. ಇಲಿ ಕಡಿದ ಗೊಬ್ಬರದ ಚೀಲ, ಐದು ಕಿಲೋ ತಪ್ಪು ತೋರಿಸುವ ತೂಕದ ಯಂತ್ರ. ಒಂದೂ ನನಗೆ ಗೊತ್ತಿರಲಿಲ್ಲ. ಮೀಟಿಂಗ್ ಒಂದೂಕಾಲು ಗಂಟೆ ಹಿಡಿಯಿತು.

ಅದಕ್ಕೇ ಹೇಳುವುದು, ಮೀಟಿಂಗ್ ಉದ್ದ ಆಗಿದ್ದು ನಿಮ್ಮ ತೊಂದರೆಯೇ ಅಲ್ಲ. ಆ ಒಂದು ಗಂಟೆಯಲ್ಲಿ ನೀವು ಎಷ್ಟು ಹೊತ್ತು ಮಾತಾಡುತ್ತೀರಿ, ಲೆಕ್ಕ ಹಾಕಿ. ಟೈಮರ್ ಬೇಡ, ಅದು ಮೊದಲೇ ಹೆದರಿದವರನ್ನು ಇನ್ನೂ ಹೆದರಿಸುತ್ತದೆ. ನಿಂತು ಮಾಡುವುದರಿಂದಲೂ ಏನೂ ಆಗುವುದಿಲ್ಲ. ಕುರ್ಚಿ ಸಾಲದೆ ನಮ್ಮ ಹುಡುಗ ವರ್ಷಗಟ್ಟಲೆ ಬಾಗಿಲ ಹತ್ತಿರ ನಿಂತೇ ಇದ್ದ. ಬರೀ ತಿಳಿಸುವ ಸುದ್ದಿಯಾದರೆ ವಾಟ್ಸಾಪಿಗೆ ಹಾಕಿ. ಯಾವ ಕೆಲಸ, ಯಾರು, ಯಾವತ್ತಿನೊಳಗೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇದೆಲ್ಲ ನಿಮಗೆ ಗೊತ್ತಿರುವುದೇ.

ಆ ಹೊಸ ಹುಡುಗಿಯಿಂದ ಶುರು ಮಾಡಿ. ಆದರೆ ಎಲ್ಲರ ಎದುರು ಏಕಾಏಕಿ ಕೇಳಬೇಡಿ. ಶುಕ್ರವಾರ ಸಂಜೆಯೇ ಹೋಗಿ, "ಸೋಮವಾರ ನೀವೇ ಮೊದಲು ಮಾತಾಡಬೇಕು, ಈ ವಾರ ಎಲ್ಲಿ ಕೆಲಸ ಸಿಕ್ಕಿಕೊಂಡಿತು ಅಂತ ಹೇಳಿದರೆ ಸಾಕು" ಅನ್ನಿ. ಸೋಮವಾರ ಅವರು ಮಾತಾಡುವಾಗ ಲ್ಯಾಪ್‌ಟಾಪ್ ಮುಚ್ಚಿಟ್ಟು, ಅವರ ಹೇಳಿಕೆಯನ್ನು ನೀವೇ ಕೈಯಾರೆ ಬರೆದುಕೊಳ್ಳಿ.