ಕಾಲುವೆಗೆ ನೀರು ನಿಂತಾಗ ನಡೆಯುವ ಕೆಲಸ

ಕಾರಟಗಿಯ ಮಾಸ್ತರರಿಗೆ ನಮಸ್ಕಾರ.

ನಿಮ್ಮ ಪತ್ರದ ಜೊತೆ ನಮ್ಮದೇ ಪತ್ರಿಕೆಯ ಎರಡು ಹಾಳೆಗಳು ಬಂದಿವೆ, ಎರಡರಲ್ಲೂ ಕೆಂಪು ಶಾಯಿಯ ಗೆರೆ. ಒಂದರಲ್ಲಿ ‘ಬೆಳವಣಿಗೆಯ ಹಾರ್ಮೋನು ಕುಗ್ಗುವುದೇ ಮುಪ್ಪಿಗೆ ಕಾರಣ’ ಎಂದಿದೆ. ಇನ್ನೊಂದರಲ್ಲಿ ‘ಆ ಹಾರ್ಮೋನು ಕೆಲಸ ಮಾಡದ ಇಲಿಗಳೇ ಹೆಚ್ಚು ಕಾಲ ಬದುಕುತ್ತವೆ’ ಎಂದಿದೆ. ಅಂಚಿನಲ್ಲಿ ನಿಮ್ಮ ಷರಾ: ‘ಯಾವುದು ಸರಿ?’ ಉತ್ತರಪತ್ರಿಕೆ ಮರಳಿ ಕೈಗೆ ಬಂದ ಹುಡುಗನ ಎದೆಬಡಿತ ನನಗೆ ಈ ವಯಸ್ಸಿನಲ್ಲಿ ಮತ್ತೆ ಬಂತು. ಆ ಹಾರ್ಮೋನಿನ ಚುಚ್ಚುಮದ್ದು ಮೈಟೋಕಾಂಡ್ರಿಯಗಳನ್ನು ಕಾಪಾಡಿ ಮುಪ್ಪು ತಡೆಯುತ್ತದೆ ಎಂಬ ಸಂದೇಶ ನಿಮ್ಮ ಮೊಬೈಲಿಗೆ ಬಂದಿದೆಯಂತೆ. ಅರವತ್ತೆಂಟರಲ್ಲಿ ಹಾಕಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ.

ಬೇಡ. ಯಾಕೆ ಎನ್ನುವುದಕ್ಕೆ ಸ್ವಲ್ಪ ಜಾಗ ತೆಗೆದುಕೊಳ್ಳುತ್ತೇನೆ.

ಮೈಟೋಕಾಂಡ್ರಿಯವೆಂದರೆ ಜೀವಕೋಶದ ಒಲೆ. ಉಂಡ ಅನ್ನ, ಉಸಿರಿನ ಆಮ್ಲಜನಕ ಎರಡೂ ಕೂಡಿ ಶಕ್ತಿಯಾಗುವುದು ಹೆಚ್ಚಾಗಿ ಅಲ್ಲಿ. ಅದಕ್ಕೆ ತನ್ನದೇ ಪುಟ್ಟ ಡಿಎನ್‌ಎ ಉಂಟು, 16,569 ಅಕ್ಷರಗಳದ್ದು, 37 ಜೀನುಗಳದ್ದು, ತಾಯಿಯಿಂದ ಮಾತ್ರ ಬರುವಂಥದ್ದು. ಒಲೆಯ ಬಾಯಿಗೇ ಇಟ್ಟ ಕಾಗದದಂತೆ ಅದಕ್ಕೆ ಕಿಡಿ ತಾಗುತ್ತಲೇ ಇರುತ್ತದೆ. ಹಾಗಾಗಿ ಮೈಟೋಕಾಂಡ್ರಿಯವನ್ನು ಕಾಪಾಡುವುದೆಂದರೆ ಬಹುಪಾಲು ಕೆಟ್ಟದ್ದನ್ನು ಬಿಚ್ಚಿ ತೆಗೆದು ಹೊಸದನ್ನು ಕಟ್ಟುವ ಕೆಲಸ. ಕೋಶ ತನ್ನ ಕಸವನ್ನು ತಾನೇ ಅರಗಿಸಿಕೊಳ್ಳುವ ಈ ಬಗೆಯನ್ನು ಬಿಡಿಸಿ ತೋರಿಸಿದ ಜಪಾನಿನ ಯೋಶಿನೋರಿ ಓಸುಮಿಗೆ 2016ರಲ್ಲಿ ನೊಬೆಲ್ ಬಂತು.

ಇನ್ನು ಹಾರ್ಮೋನು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಸುರಿಸುತ್ತದೆ, ಯಕೃತ್ತು ಅದನ್ನು ಕೇಳಿ ಐಜಿಎಫ್-1 ಎಂಬ ಇನ್ನೊಂದು ಅಂಶವನ್ನು ರಕ್ತಕ್ಕೆ ಬಿಡುತ್ತದೆ. ಅದು ಕೋಶಗಳಿಗೆ ಹೇಳುವುದು ಒಂದೇ ಮಾತು: ಸುಗ್ಗಿ ಇದೆ, ಕಟ್ಟಿರಿ, ಬೆಳೆಯಿರಿ.

ನಿಮ್ಮ ಊರಿನ ಎಡದಂಡೆ ಕಾಲುವೆಯನ್ನೇ ನೋಡಿ. ನೀರು ಬಿಟ್ಟ ಸುದ್ದಿ ಬಂದರೆ ಸಾಕು, ಎಲ್ಲರೂ ನಾಟಿಗೆ ಇಳಿಯುತ್ತಾರೆ. ಆಗ ಬಿರುಕು ಬಿಟ್ಟ ಲೈನಿಂಗ್ ಯಾರ ಕಣ್ಣಿಗೂ ಬೀಳುವುದಿಲ್ಲ, ಅದು ನೀರಿನಡಿ ಇರುತ್ತದೆ. ಬೇಸಿಗೆಯಲ್ಲಿ ಗಂಗಾವತಿಯಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ಕಾಣುತ್ತದೆ: ಒಣಗಿ ಸಿಪ್ಪೆಯಂತೆ ಸುರುಳಿಯಾದ ಹೂಳು, ತಳದಲ್ಲಿ ಜೆಸಿಬಿ, ದಂಡೆಗೆ ಸಿಮೆಂಟು ಮೆತ್ತುವ ನಾಲ್ಕು ಜನ. ದುರಸ್ತಿ ನಡೆಯುವುದು ನೀರು ನಿಂತಾಗಲೇ. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ತಡೆ ಕೂರಿಸಲು ಪಟ್ಟ ಪಾಡು ನೆನಪಿದೆಯಲ್ಲ. ಕೋಶದ ಲೆಕ್ಕವೂ ಇದೇ. ಬೆಳೆಯಿರಿ ಎಂಬ ಕೂಗು ಜೋರಾಗಿದ್ದಷ್ಟು ಹೊತ್ತು ಕಸ ಅರಗಿಸುವ ಕೆಲಸ ಹಿಂದೆ ಬೀಳುತ್ತದೆ.

ನಿಮ್ಮ ಎರಡನೇ ಹಾಳೆಯ ಇಲಿಗಳ ಗುಟ್ಟು ಇಲ್ಲಿದೆ. ಈ ಹಾರ್ಮೋನಿನ ಕೂಗು ಕೇಳಿಸದಂತೆ ಜೀನು ತಿದ್ದಿದ ಒಂದು ಪುಟ್ಟ ಇಲಿ, ಅಮೆರಿಕದಲ್ಲಿ ಆಂಡ್ರೆ ಬಾರ್ಟ್ಕೆ ಅವರ ಪ್ರಯೋಗಾಲಯದಲ್ಲಿ, ಐದು ವರ್ಷಕ್ಕೆ ಒಂದು ವಾರ ಕಡಿಮೆ ಬದುಕಿತು. ಮಾಮೂಲಿ ಇಲಿಗೆ ಎರಡು ಮೂರು ವರ್ಷವೇ ಹೆಚ್ಚು. ಈಕ್ವೆಡಾರಿನಲ್ಲಿ ಇಂಥದೇ ಕೊರತೆಯಿಂದ ಗಿಡ್ಡಾಗಿ ಉಳಿದ ಜನರಿದ್ದಾರೆ. ಅವರಲ್ಲಿ ಕ್ಯಾನ್ಸರ್, ಮಧುಮೇಹ ತೀರಾ ಅಪರೂಪವೆಂದು 2011ರಲ್ಲಿ ವರದಿಯಾಯಿತು. ಹಾಗೆಂದು ಅವರು ನೂರು ದಾಟುವವರೇನಲ್ಲ.

ನಿಮ್ಮ ಮೊಬೈಲಿಗೆ ಬಂದದ್ದು ಪೂರ್ತಿ ಸುಳ್ಳೇ? ಅಲ್ಲ, ಅದೇ ತೊಂದರೆ. 2008ರಲ್ಲಿ ಸ್ಪೇನಿನ ಸಂಶೋಧಕರು ಮುದಿ ಇಲಿಗಳಿಗೆ ಐಜಿಎಫ್-1 ಕೊಟ್ಟು, ಅವುಗಳ ಯಕೃತ್ತಿನ ಮೈಟೋಕಾಂಡ್ರಿಯ ಸುಧಾರಿಸಿದ್ದನ್ನು ಕಂಡರು. ಆದರೆ ಕೊಟ್ಟದ್ದು ಅತಿ ಸಣ್ಣ ಪ್ರಮಾಣ, ಕೊಟ್ಟದ್ದು ವಯಸ್ಸಾಗಿ ಅದು ಬತ್ತಿದ್ದ ಪ್ರಾಣಿಗಳಿಗೆ. ಕಾಲುವೆಯ ಕೊನೆಭಾಗದ ಒಣಗಿದ ಗದ್ದೆಗೆ ಒಂದು ತಂಬಿಗೆ ನೀರು ಹೊಯ್ದಂತೆ. ಅಲ್ಲಿಂದ ‘ವರ್ಷವಿಡೀ ತೂಬು ತೆಗೆದಿಡಿ’ ಎಂಬಲ್ಲಿಗೆ ಹಾರಿದ್ದು ಮಾರುವವರ ಜಾಣತನ.

ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದು ಮನುಷ್ಯರಲ್ಲಿ ಪ್ರಸಿದ್ಧವಾದದ್ದು 1990ರಲ್ಲಿ. ಡೇನಿಯಲ್ ರುಡ್ಮನ್ ಅವರು ಅರವತ್ತು ದಾಟಿದ 12 ಗಂಡಸರಿಗೆ ಆರು ತಿಂಗಳು ಹಾರ್ಮೋನು ಕೊಟ್ಟರು. ಕೊಬ್ಬು 14.4 ಶೇಕಡಾ ಇಳಿಯಿತು, ಕೊಬ್ಬಿಲ್ಲದ ಮೈತೂಕ 8.8 ಶೇಕಡಾ ಏರಿತು. ‘ಯೌವನದ ಚುಚ್ಚುಮದ್ದು’ ಎಂಬ ವ್ಯಾಪಾರ ಹುಟ್ಟಿದ್ದು ಆ ಎರಡು ಅಂಕಿಗಳಿಂದ. ಮುಂದಿನ ಪ್ರಯೋಗಗಳಲ್ಲಿ ಮೈ ತುಂಬಿದರೂ ತೋಳಿನ ಬಲ ಏರಲಿಲ್ಲ. ಬಂದದ್ದು ಕಾಲಿನ ಊತ, ಕೀಲುನೋವು, ಕೆಲವರಿಗೆ ಏರಿದ ಸಕ್ಕರೆ. ಹಾರ್ಮೋನಿನ ನಿಜವಾದ ಕೊರತೆಯಿಂದ ಬೆಳೆಯದ ಮಕ್ಕಳಿಗೆ ಇದು ವರವೇ ಹೌದು, ಆ ಮಾತು ಬೇರೆ.

ದಿನಾ ಕಾಲುವೆ ದಂಡೆಯ ಮೇಲೆ ನಾಲ್ಕು ಕಿಲೋಮೀಟರ್ ನಡೆಯುತ್ತೇನೆ, ಅದರಿಂದೇನು ಎಂದು ಕೊನೆಗೆ ತುಸು ಬೇಸರದಿಂದ ಬರೆದಿದ್ದೀರಿ. 1967ರಲ್ಲೇ ಜಾನ್ ಹೊಲೋಸಿ ಇಲಿಗಳನ್ನು ಓಡಿಸಿ, ಅವುಗಳ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯ ಹೆಚ್ಚುವುದನ್ನು ತೋರಿಸಿದ್ದಾರೆ. ನಡಿಗೆಯ ಜೊತೆಗೆ ವಿಟಮಿನ್ ಸಿ ಮತ್ತು ಇ ಗುಳಿಗೆ ನುಂಗುತ್ತಿರುವುದಾಗಿಯೂ ತಿಳಿಸಿದ್ದೀರಿ. 2009ರ ಒಂದು ಜರ್ಮನ್ ಪ್ರಯೋಗದಲ್ಲಿ ಈ ಎರಡನ್ನೂ ಹೆಚ್ಚಾಗಿ ನುಂಗಿದವರಿಗೆ ವ್ಯಾಯಾಮದಿಂದ ಇನ್ಸುಲಿನ್ ವಿಷಯದಲ್ಲಿ ಸಿಗಬೇಕಾದ ಲಾಭ ತಪ್ಪಿಹೋಯಿತು. ಈ ಗುಳಿಗೆಗಳು ಆರಿಸುವುದು ಕೋಶದ ಒಲೆಯಿಂದ ಹಾರುವ ಕಿಡಿಗಳನ್ನು, ಆದರೆ ಕೋಶವನ್ನು ದುರಸ್ತಿಗೆ ಎಬ್ಬಿಸುವುದೂ ಆ ಕಿಡಿಗಳೇ. ಕಿಡಿ ಪೂರ್ತಿ ಆರಿಸಿದರೆ ದುರಸ್ತಿಗೆ ಕರೆಯುವವರೇ ಇರುವುದಿಲ್ಲ. ವೈದ್ಯರು ಬರೆದುಕೊಟ್ಟದ್ದಲ್ಲವಾದರೆ ಅವರನ್ನೊಮ್ಮೆ ಕೇಳಿ ಬಿಟ್ಟುಬಿಡಿ.

ಇನ್ನು ಮೊದಲ ಹಾಳೆಯ ತಪ್ಪು ನಮ್ಮದು, ಓದದೆ ಸಹಿ ಹಾಕಿದವನು ನಾನು. ಆ ಸಾಲನ್ನು ಹೀಗೆ ತಿದ್ದಿಕೊಳ್ಳಬೇಕೆಂದು ಎಲ್ಲ ಓದುಗರನ್ನೂ ಕೋರುತ್ತೇನೆ: ‘ವಯಸ್ಸಾದಂತೆ ಬೆಳವಣಿಗೆಯ ಹಾರ್ಮೋನು ಕುಗ್ಗುತ್ತದೆ.’ ಉಳಿದ ಪದಗಳನ್ನು ಹೊಡೆದುಹಾಕಿ.