ಪೋಸ್ಟ್ ಡ್ಯೂಟಿ ದಿನ ಸೀಟ್ ಬಿಡುವ ಮಾತು ಬೇಡ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಡಾ. 'ಕ' ಹೆರಿಗೆ ವಿಭಾಗದ ಮೊದಲ ವರ್ಷದ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ). ನನ್ನ ಬಳಿ ಸಲಹೆಗೆ ಬಂದದ್ದು ಒಂದೇ ಪ್ರಶ್ನೆ ಹಿಡಿದು: "ಸೀಟ್ ಬಿಟ್ಟುಬಿಡಲಾ?" ಮೂರು ದಿನಕ್ಕೊಂದು ಡ್ಯೂಟಿ. ಬೆಳಿಗ್ಗೆ 8ಕ್ಕೆ ವಾರ್ಡಿಗೆ ಹೋದವರು ಹೊರಬೀಳುವುದು ಮರುದಿನ, ಅಂದರೆ ಪೋಸ್ಟ್ ಡ್ಯೂಟಿ ದಿನ, ಸಂಜೆ 4ಕ್ಕೆ. ಏಳು ತಿಂಗಳಲ್ಲಿ ಒಂದೂ ರಜೆ ಹಾಕಿಲ್ಲ.

ದಿಗಿಲು ಹುಟ್ಟಿಸಿದ್ದು ಒಂದು ಘಟನೆ. ಫಿಟ್ಸ್ ಬಂದಿದ್ದ ಗರ್ಭಿಣಿಗೆ 4 ಗಂಟೆಗೊಮ್ಮೆ ಕೊಡಬೇಕಾದ 5 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, ಒಂದು ಗಂಟೆ ಹಿಂದಷ್ಟೇ ಆಗಿತ್ತು, ಶೀಟಿನಲ್ಲಿ ಬರೆದಿರಲಿಲ್ಲ. ಇವರು ಮತ್ತೆ ಸಿರಿಂಜಿಗೆ ತುಂಬಿದ್ದರು. "ಡಾಕ್ಟ್ರೇ, ಆಗ್ಲೇ ಕೊಟ್ಟಾಯ್ತಲ್ಲ" ಎಂದು ಸಿಸ್ಟರ್ ತಡೆದರು. ಅದು ಡ್ಯೂಟಿಯ 28ನೇ ಗಂಟೆ. ಅಷ್ಟು ಹೊತ್ತು ಎಚ್ಚರವಿದ್ದ ಯಾರ ಕೈಯಲ್ಲೂ ಆಗಬಹುದಾದ ತಪ್ಪು. ಅವರು ಮಾತ್ರ "ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ" ಎಂದು ಅರ್ಥ ಮಾಡಿಕೊಂಡಿದ್ದರು.

ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9ರಲ್ಲಿ 13 ಅಂಕ. 10 ದಾಟಿದರೆ ಬರೀ ಸುಸ್ತು ಎಂದು ಕೈಬಿಡುವಂತಿಲ್ಲ. "ಸ್ಕೂಟರ್‌ನಿಂದ ಬಿದ್ದು ಕಾಲು ಮುರಿದರೆ ಎರಡು ವಾರ ಮಲಗಬಹುದಲ್ಲ" ಎಂದು ನಗುತ್ತಲೇ ಹೇಳಿದರು. ಇಂಥ ಮಾತು ಕೇಳಿದ ಮೇಲೆ ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಲೇಬೇಕು, ಡಾಕ್ಟರಾದರೆ ಇನ್ನೂ ಬಿಡಿಸಿ ಕೇಳಬೇಕು. ಮದ್ದು ಕೈಯಳತೆಯಲ್ಲೇ ಇರುತ್ತದೆ. ಇಲ್ಲ ಎಂದರು. ಆದರೆ ಸೀನಿಯರ್ ಕೊಟ್ಟ ಆಲ್ಪ್ರಜೋಲಾಂ (ಆತಂಕ ತಗ್ಗಿಸುವ, ನಿದ್ದೆ ಬರಿಸುವ ಮಾತ್ರೆ) ತಿಂಗಳಿಂದ ನುಂಗುತ್ತಿದ್ದರು. ತಾವೇ ಹಠಾತ್ತನೆ ನಿಲ್ಲಿಸಬಾರದೆಂದು ಹೇಳಿ, ಅವರ ಕಾಲೇಜಿನ ಹೊರಗಿನ ಮನೋವೈದ್ಯರಲ್ಲಿಗೆ ಕಳಿಸಿದ್ದಾಯಿತು. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಗೂ ಬರೆದುಕೊಟ್ಟೆ. ರಾತ್ರಿ ಹೊತ್ತಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಕೊಟ್ಟೆ.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ನಿದ್ದೆ. ಡ್ಯೂಟಿ ರಾತ್ರಿ ಸಂದು ಸಿಕ್ಕಾಗ 20 ನಿಮಿಷ ಅಡ್ಡಾಗಿ, ಎದ್ದು ಕಾಲು ಗಂಟೆ ಕಳೆಯುವವರೆಗೆ ತುರ್ತಿಲ್ಲದಿದ್ದರೆ ಡೋಸ್ ಲೆಕ್ಕ ಹಾಕಬೇಡಿ. ನಿದ್ದೆಯ ಮಂಪರು ಆಗ ಇಳಿದಿರುವುದಿಲ್ಲ. ಮಲಗುವ 6 ಗಂಟೆ ಮುಂಚೆ ಕಾಫಿ ಬಂದ್. ಪೋಸ್ಟ್ ಡ್ಯೂಟಿ ದಿನ ಸ್ಕೂಟರ್ ಮುಟ್ಟಬೇಡಿ, ಆಟೋ ಹಿಡಿಯಿರಿ. ಮೆಗ್ನೀಸಿಯಂ, ಇನ್ಸುಲಿನ್, ಪೊಟ್ಯಾಸಿಯಂ ಕೊಡುವ ಮುನ್ನ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ, ಕೊಟ್ಟ ಕೂಡಲೇ ಸಮಯ ಬರೆಯಿರಿ.

ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಮುಂದೆ "ಸುಸ್ತಾಗಿದೆ ಸಾರ್" ಎಂದರೆ "ನಾವೂ ಹೀಗೇ ಓದಿದ್ದು" ಎಂಬ ಉತ್ತರ ಸಿದ್ಧವಿರುತ್ತದೆ. ಹಾಗಾಗಿ 14 ದಿನದ ಲೆಕ್ಕ ಬರೆಸಿದೆ: ವಾರಕ್ಕೆ ಸುಮಾರು 98 ಗಂಟೆ. ತರಬೇತಿಯಲ್ಲಿರುವ ಡಾಕ್ಟರುಗಳಿಗೆಂದು ಕೇಂದ್ರ 1992ರಲ್ಲಿ ಹೊರಡಿಸಿದ ರೆಸಿಡೆನ್ಸಿ ಸೂಚನೆ ಹೇಳುವುದು 48. ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿದ ಮಿತಿ 74. ವಾರದ ರಜೆ, ವರ್ಷಕ್ಕೆ 20 ಸಿಎಲ್ (ಸಾಂದರ್ಭಿಕ ರಜೆ) 2023ರ ಪಿಜಿ ನಿಯಮದಲ್ಲೇ ಇವೆ. ಲೆಕ್ಕದಲ್ಲಿ ಇನ್ನೊಂದೂ ಹೊರಬಿತ್ತು: ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ, ಬ್ಲಡ್ ಬ್ಯಾಂಕಿಗೆ ಓಡಾಡಿದ್ದೇ 11 ಗಂಟೆ. ಬೇಡಿಕೆ ಎರಡೇ ಇರಲಿ ಎಂದೆ: ಪೋಸ್ಟ್ ಡ್ಯೂಟಿಯವರನ್ನು ಮಧ್ಯಾಹ್ನ 12ಕ್ಕೆ ಬಿಡುವುದು, ಸ್ಯಾಂಪಲ್‌ಗೆ ಒಬ್ಬ ಅಟೆಂಡರ್. ಬ್ಯಾಚಿನ ಎಲ್ಲರ ಸಹಿಯೊಂದಿಗೆ ಹೋಗಲಿ, ಒಬ್ಬರೇ ಹೋದರೆ ಹೆಸರು ಕೆಡುತ್ತದೆ. ಸಂಜೆ 5ಕ್ಕೆ ಎಲ್ಲರನ್ನೂ ಕೂರಿಸಿ ಒತ್ತಡ ನಿರ್ವಹಣೆಯ ಉಪನ್ಯಾಸ ಕೊಡುವುದಕ್ಕಿಂತ ಈ ಅಟೆಂಡರ್ ಹೆಚ್ಚು ಕೆಲಸ ಮಾಡುತ್ತಾನೆ.

ಸೀಟಿನ ವಿಷಯ ಮೂರು ವಾರ ಮುಂದಕ್ಕೆ. ಸತತ ಎರಡು ರಾತ್ರಿ ನಿದ್ದೆಯಾದ ಮೇಲೆ, ಸೀಟ್ ಬಿಟ್ಟರೆ ಕಟ್ಟಬೇಕಾದ ದಂಡ, ಕಾಲೇಜಿನಿಂದ ವಾಪಸ್ ಪಡೆಯಬೇಕಾದ ಒರಿಜಿನಲ್ ದಾಖಲೆ ಎಲ್ಲವನ್ನೂ ಕಾಗದದ ಮೇಲೆ ಬರೆದು ನೋಡುವುದು.

ಮೂರು ವಾರದ ಬಳಿಕ ಅಂಕ 8. ಏಳು ಡ್ಯೂಟಿಗಳಲ್ಲಿ ಐದರಲ್ಲಿ ಮಧ್ಯಾಹ್ನ ಬಿಟ್ಟಿದ್ದಾರೆ; ಉಳಿದೆರಡು ದಿನ ಓಟಿ ಲಿಸ್ಟ್ (ಆ ದಿನದ ಆಪರೇಷನ್‌ಗಳು) ಮುಗಿದಿರಲಿಲ್ಲ. ಸೀಟಿನ ಮಾತು ಅವರಾಗಿ ಎತ್ತಲಿಲ್ಲ. ಮೊದಲ ಸಿಎಲ್ ಅರ್ಜಿ ತಂದಿದ್ದರು, ಎರಡು ದಿನದ್ದು. ಕಾರಣದ ಜಾಗದಲ್ಲಿ "ನಿದ್ದೆ" ಎಂದಿತ್ತು. "ಸ್ವಂತ ಕೆಲಸ" ಎಂದು ತಿದ್ದಿಸಬೇಕಾಯಿತು.